ಮ್ಯಾಚ್ ನೋಡೋಕೆ ಎಚ್‌ಡಿಗೆ ಜಾಸ್ತಿ ದುಡ್ಡು ಕೊಡಬೇಕಾ? ಮೊದಲು ಟೇಪ್ ತಗೊಂಡು ಅಳತೆ ಹಿಡಿಯಿರಿ

ಎಂಟು ತಿಂಗಳು ನಾನು ಎಚ್‌ಡಿ ಶುಲ್ಕ ಕಟ್ಟಿದೆ. ಆ ಎಂಟು ತಿಂಗಳೂ ನೋಡಿದ್ದು ಎಸ್‌ಡಿ, ಅಂದರೆ ಹಳೇ ಮಾಮೂಲಿ ಚಿತ್ರ. ಕಂಪನಿಯವರದ್ದು ತಪ್ಪೇನಿಲ್ಲ, ಸಿಗ್ನಲ್ ಸರಿಯಾಗೇ ಬರುತ್ತಿತ್ತು. ಸೆಟ್‌ಟಾಪ್ ಬಾಕ್ಸ್‌ನಿಂದ ಟಿವಿಗೆ ಹೋಗಿದ್ದ ತಂತಿ ಮಾತ್ರ ಹಳೆಯದು. ಹಳದಿ, ಕೆಂಪು, ಬಿಳಿ ಅಂತ ಮೂರು ಪಿನ್ ಇರುತ್ತಲ್ಲ, ಅದು. ಚಿತ್ರ ಹೋಗುವುದು ಹಳದಿ ಪಿನ್ನಿನಲ್ಲಿ, ಅದರಲ್ಲಿ ಎಚ್‌ಡಿ ಹಾಯುವುದೇ ಇಲ್ಲ. ಒಂದು ದಿನ ಅಕ್ಕನ ಮಗ ಮನೆಗೆ ಬಂದವನು ಮ್ಯಾಚ್ ನೋಡುತ್ತಾ, "ಮಾಮ, ಇದೇನು ಇಷ್ಟು ಮಂಜು ಮಂಜು?" ಎಂದು ಟಿವಿ ಹಿಂದೆ ಕೈ ಹಾಕಿದ. ಬಾಕ್ಸ್ ಜೊತೆಗೇ ಬಂದಿದ್ದ ಎಚ್‌ಡಿಎಂಐ ತಂತಿ, ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚದೆ, ಡಬ್ಬದಲ್ಲೇ ಮಲಗಿತ್ತು.

ಅವತ್ತಿನಿಂದ ಯಾರಾದರೂ "ಎಚ್‌ಡಿ ಪ್ಯಾಕ್ ಹಾಕಿಸ್ಲಾ, ಆ್ಯಪ್ ತಗೊಳ್ಲಾ, 4ಕೆಗೇ ಹೋಗ್ಲಾ?" ಎಂದು ಕೇಳಿದರೆ ನಾನು ಪ್ಯಾಕ್ ಹೆಸರು ಎತ್ತುವುದಿಲ್ಲ. ಟಿವಿ ಎಷ್ಟು ಇಂಚಿನದು, ಎಷ್ಟು ದೂರ ಕೂರುತ್ತೀರಿ, ಯಾವ ಆಟ, ತಿಂಗಳಿಗೆ ಎಷ್ಟು ಗಂಟೆ, ಪಕ್ಕದ ಮನೆಯವರು ಕೂಗುವ ಮೊದಲೇ ಗೋಲು ನೋಡಬೇಕಾ ಎಂದು ಕೇಳುತ್ತೇನೆ. ಇವಕ್ಕೆ ಉತ್ತರ ಸಿಕ್ಕರೆ ಅರ್ಧ ನಿರ್ಧಾರ ಆದ ಹಾಗೆ.

ಮೊದಲ ಪ್ರಶ್ನೆ: ದೂರ

ಲೆಕ್ಕ ಹೀಗಿದೆ. ಹಳೆಯ ಎಸ್‌ಡಿ ಚಿತ್ರದಲ್ಲಿ, ದೇಶದ ಪದ್ಧತಿ ನೋಡಿಕೊಂಡು, 576 ಅಥವಾ 480 ಸಾಲು. ಎಚ್‌ಡಿಯಲ್ಲಿ 720 ಅಥವಾ 1080. ಚುಕ್ಕೆಗಳ ಲೆಕ್ಕದಲ್ಲಿ ಹೇಳುವುದಾದರೆ 576 ಸಾಲಿನ ಎಸ್‌ಡಿಯಲ್ಲಿ ಸುಮಾರು 4.1 ಲಕ್ಷ, 720ರಲ್ಲಿ 9.2 ಲಕ್ಷ, 1080ರಲ್ಲಿ 20.7 ಲಕ್ಷ, 4ಕೆಯಲ್ಲಿ 83 ಲಕ್ಷ. ಜಾಹೀರಾತುಗಳು ಇಲ್ಲಿಗೇ ನಿಲ್ಲುತ್ತವೆ. ಆದರೆ ಅಷ್ಟೂ ಚುಕ್ಕೆಗಳನ್ನು ಬೇರೆ ಬೇರೆಯಾಗಿ ನೋಡಬೇಕಾದ್ದು ನಮ್ಮ ಕಣ್ಣು ತಾನೇ? ಚೆನ್ನಾಗಿರುವ ಕಣ್ಣು ಒಂದು ಡಿಗ್ರಿಯ ಅರುವತ್ತನೇ ಒಂದು ಭಾಗದಷ್ಟು ಸಣ್ಣದನ್ನು ಬಿಡಿಸಿ ನೋಡಬಲ್ಲದು. ಅದಕ್ಕಿಂತ ಸಣ್ಣದಿದ್ದರೆ ಎರಡು ಚುಕ್ಕೆ ಒಂದೇ ಆಗಿ ಕಾಣುತ್ತದೆ.

ಇದನ್ನು ಸೋಫಾಕ್ಕೆ ತಂದು ಹಚ್ಚಿ. 32 ಇಂಚಿನ ಟಿವಿಯನ್ನು 8 ಅಡಿ ಆಚೆಯಿಂದ ನೋಡುತ್ತಿದ್ದರೆ 576 ಸಾಲಿನ ಚಿತ್ರದ ಚುಕ್ಕೆಗಳೇ ಕಣ್ಣಿಗೆ ಒಂದರೊಳಗೊಂದು ಸೇರಿಹೋಗಿರುತ್ತವೆ. 1080ರ ಪೂರ್ತಿ ಲಾಭ ಬೇಕಾದರೆ ಅದೇ ಟಿವಿ ಮುಂದೆ ಸುಮಾರು 4 ಅಡಿಗೆ ಬಂದು ಕೂರಬೇಕು. ಅಷ್ಟು ಹತ್ತಿರ ಯಾರು ಕೂರುತ್ತಾರೆ, ಮಕ್ಕಳನ್ನು ಬಿಟ್ಟು? 43 ಇಂಚಿನದಾದರೆ ಆ ದೂರ ಐದೂವರೆ ಅಡಿ, 55 ಇಂಚಿನದಾದರೆ 7 ಅಡಿ, 65 ಇಂಚಿನದಾದರೆ ಎಂಟೂವರೆ ಅಡಿ ಆಸುಪಾಸು. ಅದಕ್ಕಿಂತ ಹಿಂದೆ ಸರಿದಂತೆ ಲಾಭ ಕರಗುತ್ತಾ ಹೋಗುತ್ತದೆ. ಒಮ್ಮೆಲೇ ಮಾಯವಾಗುವುದಿಲ್ಲ. 55 ಇಂಚಿನ ಟಿವಿಯನ್ನು 10 ಅಡಿಯಿಂದ ನೋಡಿದರೂ ಎಸ್‌ಡಿಗಿಂತ ಎಚ್‌ಡಿ ಚೆನ್ನಾಗಿಯೇ ಕಾಣುತ್ತದೆ.

ಇಲ್ಲೊಂದು ತೊಡಕಿದೆ. ಇದು ಬರೀ ಚುಕ್ಕೆಗಳ ಲೆಕ್ಕ. ಬಹಳಷ್ಟು ಎಸ್‌ಡಿ ಚಾನೆಲ್‌ಗಳನ್ನು ಜಾಗ ಉಳಿಸಲೆಂದು ಚೆನ್ನಾಗಿ ಹಿಂಡಿ ಕಳಿಸಿರುತ್ತಾರೆ. ಹಾಗಾಗಿ ದೂರದಿಂದ ನೋಡಿದರೂ ಅವು ಕೆಸರಿನಂತೆ ಕಾಣಬಹುದು. ಅದಕ್ಕೆ ಆಟದ ಕಡೆಗೂ ಸ್ವಲ್ಪ ನೋಡಬೇಕು.

ಚೆಂಡು ಎಲ್ಲಿ ಹೋಯಿತು?

ಸಿನಿಮಾ, ಧಾರಾವಾಹಿಯಲ್ಲಿ ಮುಖ ಕಂಡರೆ ಸಾಕು, ಅದು ಪರದೆ ತುಂಬಾ ಇರುತ್ತದೆ. ಆಟದಲ್ಲಿ ನಾವು ಹುಡುಕುವುದೇ ಪರದೆಯ ಅತಿ ಸಣ್ಣ ವಸ್ತುವನ್ನು. ಅದೂ ಸುಮ್ಮನೆ ಕೂತಿರುವುದಿಲ್ಲ. ಗಂಟೆಗೆ 140 ಕಿಲೋಮೀಟರ್ ವೇಗದ ಬೌಲರ್ ಬಿಟ್ಟ ಚೆಂಡು ಸೆಕೆಂಡಿಗೆ 39 ಮೀಟರ್ ಹೋಗುತ್ತದೆ. ಬ್ಯಾಟ್ಸ್‌ಮನ್ ಹತ್ತಿರ ಬರಲು ಬೇಕಾದ್ದು ಅರ್ಧ ಸೆಕೆಂಡು. ಸೆಕೆಂಡಿಗೆ 25 ಚಿತ್ರ ತೋರಿಸಿದರೆ ಆ ಇಡೀ ಪಯಣಕ್ಕೆ ಸಿಗುವುದು 12 ಚಿತ್ರ. ಒಂದು ಚಿತ್ರಕ್ಕೂ ಮುಂದಿನದಕ್ಕೂ ನಡುವೆ ಚೆಂಡು ಒಂದೂವರೆ ಮೀಟರ್ ಹಾರಿರುತ್ತದೆ. 50 ಚಿತ್ರ ತೋರಿಸಿದರೆ ಆ ಹಾರಿಕೆ 80 ಸೆಂಟಿಮೀಟರ್‌ಗಿಂತ ಕಡಿಮೆ. ಕಣ್ಣಿಗೆ ಅದು ಗೊತ್ತಾಗುತ್ತದೆ. ಗಂಟೆಗೆ 200 ಕಿಲೋಮೀಟರ್ ವೇಗದ ಟೆನಿಸ್ ಸರ್ವ್ ಆದರಂತೂ ಇನ್ನೂ ಜಾಸ್ತಿ.

ಅಂದರೆ ಆಟಕ್ಕೆ ಚುಕ್ಕೆಗಳಷ್ಟೇ ಮುಖ್ಯವಾದ್ದು ಸೆಕೆಂಡಿಗೆ ಎಷ್ಟು ಚಿತ್ರ ಎನ್ನುವುದು. 1080ಐ ಎಂಬ ಪದ್ಧತಿಯಲ್ಲಿ ಒಂದು ಸಲಕ್ಕೆ ಅರ್ಧ ಸಾಲು ಮಾತ್ರ ಬರುತ್ತದೆ. ಮೊದಲು ಬೆಸ ಸಾಲು, ಆಮೇಲೆ ಸಮ ಸಾಲು. 720ಪಿಯಲ್ಲಿ ಸಾಲು ಕಡಿಮೆ, ಆದರೆ ಪ್ರತಿ ಸಲವೂ ಇಡೀ ಚಿತ್ರ ಬರುತ್ತದೆ. ಅಮೆರಿಕದ ಇಎಸ್‌ಪಿಎನ್ 2003ರಲ್ಲಿ ಎಚ್‌ಡಿ ಚಾನೆಲ್ ಶುರು ಮಾಡಿದಾಗ ಆರಿಸಿಕೊಂಡದ್ದು 720ಪಿಯನ್ನೇ. ಓಡುವ ಆಟಕ್ಕೆ ಅದೇ ಮೇಲು ಎನ್ನುವುದು ಅವರ ಲೆಕ್ಕ. "720 ಅಂದ್ರೆ ಕಳಪೆ, 1080 ಅಂದ್ರೆ ಒಳ್ಳೇದು" ಅಂತ ಸಂಖ್ಯೆ ನೋಡಿ ತೀರ್ಮಾನ ಮಾಡುವವರು ಇದನ್ನು ಗಮನಿಸಬೇಕು.

ಟಿವಿ ಚಾನೆಲ್‌ಗಳಲ್ಲಿ, ಎಸ್‌ಡಿ ಆಗಲಿ ಎಚ್‌ಡಿ ಆಗಲಿ, ಸೆಕೆಂಡಿಗೆ 50 ಅಥವಾ 60 ಸಲ ಚಿತ್ರ ಬದಲಾಗುತ್ತದೆ. ಆ್ಯಪ್‌ಗಳಲ್ಲಿ, ಅದರಲ್ಲೂ ಅಗ್ಗದ ಪ್ಲಾನ್‌ಗಳಲ್ಲಿ, ಇದು 25ಕ್ಕೋ 30ಕ್ಕೋ ಇಳಿಯುವುದುಂಟು. ದುಡ್ಡು ಕೊಡುವ ಮುಂಚೆ ಇದೊಂದನ್ನು ವಿಚಾರಿಸಿ.

ಇನ್ನು ಹುಲ್ಲು. ತಮಾಷೆಯಲ್ಲ, ವಿಡಿಯೋ ಹಿಂಡುವ ಯಂತ್ರಕ್ಕೆ ಹುಲ್ಲಿನಷ್ಟು ಕಷ್ಟ ಕೊಡುವ ವಸ್ತು ಕಡಿಮೆ. ಹುಲ್ಲು ಮತ್ತು ಕುಣಿಯುವ ಪ್ರೇಕ್ಷಕರು. ಕ್ಯಾಮೆರಾ ಸರಕ್ಕನೆ ತಿರುಗಿದಾಗ ಪ್ರತಿ ಎಸಳೂ ಜಾಗ ಬದಲಿಸುತ್ತದೆ. ಅಷ್ಟನ್ನೂ ಕಳಿಸಲು ಜಾಗ ಸಾಲದಿದ್ದರೆ ಮೈದಾನ ಹಸಿರು ಬಣ್ಣ ಬಳಿದ ಗೋಡೆಯಂತಾಗುತ್ತದೆ, ಆಟಗಾರರ ಸುತ್ತ ಚೌಕ ಚೌಕ ಕಾಣುತ್ತದೆ. ಸಾಮಾನ್ಯವಾಗಿ ಎಸ್‌ಡಿ ಚಾನೆಲ್ ಸೆಕೆಂಡಿಗೆ 2-3 ಮೆಗಾಬಿಟ್ (ಎಂಬಿಪಿಎಸ್) ಮಾಹಿತಿಯಲ್ಲಿ ಬದುಕುತ್ತದೆ, ಎಚ್‌ಡಿ ಚಾನೆಲ್‌ಗೆ 6ರಿಂದ 10 ಸಿಗುತ್ತದೆ. ನನ್ನ ಮಟ್ಟಿಗೆ ಎಚ್‌ಡಿ ಶುಲ್ಕದ ನಿಜವಾದ ಬೆಲೆ ಇರುವುದು ಇಲ್ಲೇ. ಚುಕ್ಕೆ ಎಣಿಸೋಕೆ ಆಗದ ದೂರದಲ್ಲಿ ಕೂತವರಿಗೂ ಹುಲ್ಲು ಹುಲ್ಲಾಗಿ ಕಾಣುತ್ತದೆ.

ಹಾಗಾಗಿ ಫುಟ್‌ಬಾಲ್, ಹಾಕಿ, ಕ್ರಿಕೆಟ್, ಟೆನಿಸ್ ನೋಡುವವರಿಗೆ ಎಚ್‌ಡಿ ಲಾಭ ಜಾಸ್ತಿ. ಚೆಸ್, ಸ್ನೂಕರ್, ಕುಸ್ತಿ ನೋಡುವವರಿಗೆ ಕಡಿಮೆ. ಐಸ್ ಹಾಕಿ ನೋಡುವವರಿಗೆ ಎಚ್‌ಡಿ ಇಲ್ಲದೆ ಕಥೆಯೇ ಇಲ್ಲ, ಎಸ್‌ಡಿಯಲ್ಲಿ ಆ ಕರಿ ಬಿಲ್ಲೆ ಎಲ್ಲಿದೆ ಎಂದು ಊಹಿಸಿಕೊಳ್ಳಬೇಕು.

ಗಂಟೆಯ ಲೆಕ್ಕ

ತಿಂಗಳ ಶುಲ್ಕ ನೋಡಿ ಹೆಚ್ಚು ಕಡಿಮೆ ಅನ್ನಬೇಡಿ. ವರ್ಷಕ್ಕೆ ಕಟ್ಟುವ ಹೆಚ್ಚುವರಿ ಹಣವನ್ನು, ವರ್ಷದಲ್ಲಿ ನೀವು ನಿಜವಾಗಿ ಕೂತು ನೋಡುವ ಮ್ಯಾಚ್‌ಗಳ ಗಂಟೆಗಳಿಂದ ಭಾಗಿಸಿ. ಹಿನ್ನೆಲೆಯಲ್ಲಿ ಟಿವಿ ಓಡುತ್ತಿರುವಾಗ ಅಡುಗೆ ಮಾಡಿದ್ದು ಲೆಕ್ಕಕ್ಕಿಲ್ಲ. ವಾರಕ್ಕೆ ಎರಡು ಫುಟ್‌ಬಾಲ್ ಮ್ಯಾಚ್ ನೋಡುವವರಿಗೆ ತಿಂಗಳಿಗೆ ಹದಿನಾರು ಗಂಟೆ ಆಯಿತು. ವರ್ಷಕ್ಕೊಂದು ಟೂರ್ನಿ ಮಾತ್ರ ನೋಡುವವರು ಹನ್ನೆರಡು ತಿಂಗಳೂ ಕಟ್ಟುತ್ತಿದ್ದರೆ ಹತ್ತು ತಿಂಗಳ ಹಣ ಸುಮ್ನೆ ಹೋದ ಹಾಗೆ. ಆಯ್ಕೆ ಯಾವುದೇ ಇರಲಿ, "ಬೇಕಾದಾಗ ಹಾಕಿಸಿ, ಬೇಡವಾದಾಗ ತೆಗೆಸಬಹುದಾ?" ಎನ್ನುವ ಪ್ರಶ್ನೆ ಚಿತ್ರದ ಗುಣಮಟ್ಟಕ್ಕಿಂತ ಹೆಚ್ಚು ದುಡ್ಡು ಉಳಿಸುತ್ತದೆ.

ಈಗ ಒಂದೊಂದಾಗಿ ನೋಡೋಣ.

ಎಸ್‌ಡಿಯಲ್ಲೇ ಇರುವುದು

ಇದನ್ನು ಆಯ್ಕೆ ಅಂತಲೇ ಯಾರೂ ಎಣಿಸುವುದಿಲ್ಲ, ಎಣಿಸಬೇಕು. 32 ಇಂಚು ಅಥವಾ ಅದಕ್ಕಿಂತ ಸಣ್ಣ ಟಿವಿ, ಎಂಟು ಹತ್ತು ಅಡಿ ದೂರ, ಸ್ಕೋರ್ ಗೊತ್ತಾದರೆ ಸಾಕು ಎನ್ನುವ ಮನಸ್ಸು. ಈ ಮೂರೂ ಇದ್ದರೆ ಹೆಚ್ಚುವರಿ ದುಡ್ಡು ಕೊಡಬೇಡಿ. ಆದರೆ ನಿಮ್ಮದು ಹೊಸ ದೊಡ್ಡ ಟಿವಿ ಆಗಿದ್ದರೆ ಎಸ್‌ಡಿ ಹಳೇ ಟಿವಿಗಿಂತಲೂ ಕೆಟ್ಟದಾಗಿ ಕಾಣುತ್ತದೆ. 4 ಲಕ್ಷ ಚುಕ್ಕೆಗಳನ್ನು ಟಿವಿ 83 ಲಕ್ಷಕ್ಕೆ ಹಿಗ್ಗಿಸಬೇಕು, ಇಲ್ಲದ ಚುಕ್ಕೆಗಳನ್ನು ಅದು ಊಹೆ ಮಾಡಿ ತುಂಬುತ್ತದೆ. ದೊಡ್ಡ ಟಿವಿ ತಂದ ಮೊದಲ ದಿನವೇ ಬಹಳ ಜನ ಬೇಜಾರಾಗುವುದು ಇದಕ್ಕೇ.

ಬಾಕ್ಸ್‌ಗೆ ಎಚ್‌ಡಿ ಸೇರಿಸುವುದು

ಡಿಶ್ ಅಥವಾ ಕೇಬಲ್ ಇರುವವರಿಗೆ ಇದು ಹತ್ತಿರದ ದಾರಿ. ಒಳ್ಳೆಯದು ಏನೆಂದರೆ ಇಂಟರ್ನೆಟ್ ಬೇಡ, ಡೇಟಾ ಖರ್ಚಿಲ್ಲ, ಎಲ್ಲರೂ ಒಟ್ಟಿಗೆ ಫೈನಲ್ ನೋಡಲು ಕೂತರೂ ಚಿತ್ರ ಕುಗ್ಗುವುದಿಲ್ಲ. ಡಿಶ್‌ನ ಒಂದು ಸಿಗ್ನಲ್ ಹತ್ತು ಮನೆಗೂ ಅದೇ, ಒಂದು ಕೋಟಿ ಮನೆಗೂ ಅದೇ. ಜೋರು ಮಳೆ ಬಂದಾಗ ಮಾತ್ರ ಡಿಶ್ ಕೈಕೊಡುತ್ತದೆ. ಬಹಳ ಎಚ್‌ಡಿ ಚಾನೆಲ್‌ಗಳಲ್ಲಿ ಸುತ್ತಲೂ ಕೇಳುವ ಐದು ಸ್ಪೀಕರ್‌ನ ಧ್ವನಿಯೂ ಬರುತ್ತದೆ. ಅಂಥ ಸ್ಪೀಕರ್ ಇದ್ದರೆ ಗ್ಯಾಲರಿಯ ಗದ್ದಲ ಬೆನ್ನ ಹಿಂದಿನಿಂದ ಕೇಳಿಸುತ್ತದೆ. ಇಲ್ಲದಿದ್ದರೆ ಆ ಲಾಭ ಬಿಡಿ.

ಇದಕ್ಕೆ ಜಾಸ್ತಿ ದುಡ್ಡು ಯಾಕೆ? ಕ್ಯಾಮೆರಾಗಳಿಗಂತೂ ಅಲ್ಲ. 2006ರ ಫುಟ್‌ಬಾಲ್ ವಿಶ್ವಕಪ್, 2008ರ ಬೀಜಿಂಗ್ ಒಲಿಂಪಿಕ್ಸ್ ಕಾಲಕ್ಕೇ ದೊಡ್ಡ ಕ್ರೀಡಾಕೂಟಗಳ ಚಿತ್ರೀಕರಣ ಎಚ್‌ಡಿಗೆ ಬಂದಾಗಿತ್ತು. ನೀವು ಎಸ್‌ಡಿಯಲ್ಲಿ ನೋಡುವ ದೊಡ್ಡ ಮ್ಯಾಚ್ ಕೂಡ ಮೂಲದಲ್ಲಿ ಎಚ್‌ಡಿಯೇ, ಆಮೇಲೆ ಕುಗ್ಗಿಸಿ ಕಳಿಸಿದ್ದು. ಖರ್ಚು ಇರುವುದು ಉಪಗ್ರಹದಲ್ಲಿ, ಕೇಬಲ್‌ನಲ್ಲಿ ತಗಲುವ ಜಾಗಕ್ಕೆ. ಒಂದು ಎಚ್‌ಡಿ ಚಾನೆಲ್ ಹೋಗುವ ಜಾಗದಲ್ಲಿ ಮೂರು ನಾಲ್ಕು ಎಸ್‌ಡಿ ಚಾನೆಲ್ ಕೂರಿಸಬಹುದು. ಅದರ ಮೇಲೆ, ಆಟ ನೋಡುವವರು ಹೇಗಿದ್ದರೂ ಕೊಡುತ್ತಾರೆ ಎಂಬ ವ್ಯಾಪಾರದ ಲೆಕ್ಕ ಬೇರೆ. ಎರಡನೇದು ಮೊದಲನೇದಕ್ಕಿಂತ ದೊಡ್ಡದು ಎಂದು ನನ್ನ ಗುಮಾನಿ.

ಎಚ್ಚರ ಬೇಕಾದ್ದು ನಾಲ್ಕು ಕಡೆ. ಬಾಕ್ಸ್ ಎಚ್‌ಡಿಯದ್ದೇನಾ ನೋಡಿ, ಹಳೆಯದಾದರೆ ಹೊಸದಕ್ಕೆ ಒಂದು ಸಲದ ಖರ್ಚಿದೆ. ಇಡೀ ಎಚ್‌ಡಿ ಪ್ಯಾಕ್ ಬೇಕಾ, ನೀವು ನೋಡುವ ಎರಡು ಕ್ರೀಡಾ ಚಾನೆಲ್ ಬಿಡಿಯಾಗಿ ಸಿಗುತ್ತವಾ ಕೇಳಿ. ಸುದ್ದಿಯನ್ನು ಎಚ್‌ಡಿಯಲ್ಲಿ ನೋಡಿ ಆಗಬೇಕಾದ್ದೇನೂ ಇಲ್ಲ. ಮನೆಯಲ್ಲಿ ಎರಡು ಟಿವಿ ಇದ್ದರೆ ಎರಡಕ್ಕೂ ಶುಲ್ಕವಾ ಎಂದು ಮೊದಲೇ ಬಾಯಿಬಿಟ್ಟು ಕೇಳಿ. ಮತ್ತೆ ತಂತಿ. ನನ್ನ ಕಥೆ ಹೇಳಿದೆನಲ್ಲ. ಎಚ್‌ಡಿಎಂಐ ಹಾಕಿದ ಮೇಲೂ ಬಾಕ್ಸ್‌ನ ಸೆಟ್ಟಿಂಗ್‌ನಲ್ಲಿ ಚಿತ್ರದ ಅಳತೆ 576 ಅಂತಲೇ ಇರಬಹುದು. ಒಳಗೆ ಹೋಗಿ 1080ಕ್ಕೆ ಬದಲಿಸಬೇಕು.

ಆ್ಯಪ್ ಚಂದಾ

ಇಲ್ಲಿ ಚಿತ್ರದ ಗುಣಮಟ್ಟ ನಿಮ್ಮ ಪ್ಲಾನ್ ಮೇಲೆ ಎಷ್ಟೋ, ನಿಮ್ಮ ಇಂಟರ್ನೆಟ್ ಮೇಲೂ ಅಷ್ಟೇ. 1080 ಚಿತ್ರಕ್ಕೆ ಸಾಮಾನ್ಯವಾಗಿ 5ರಿಂದ 8 ಎಂಬಿಪಿಎಸ್ ಬೇಕು, ಅದೂ ಪೂರ್ತಿ ಮ್ಯಾಚ್ ಮುಗಿಯುವವರೆಗೆ ಬಿಡದೆ. ವೇಗ ಕುಸಿದರೆ ಆ್ಯಪ್ ತಾನಾಗಿಯೇ ಚಿತ್ರವನ್ನು ಕೆಳಗಿಳಿಸುತ್ತದೆ. ನೀವು ಕಟ್ಟಿದ್ದು ಎಚ್‌ಡಿಗೆ, ಕೊನೆಯ ಓವರ್ ನೋಡಿದ್ದು ಎಸ್‌ಡಿಯಲ್ಲಿ, ಅಂತ ಆಗುವುದು ಹೀಗೆ. ಡೇಟಾಗೆ ಮಿತಿ ಇದ್ದವರು ಇನ್ನೊಂದು ಲೆಕ್ಕ ಹಾಕಬೇಕು. 5 ಎಂಬಿಪಿಎಸ್ ಅಂದರೆ ಗಂಟೆಗೆ ಸುಮಾರು 2.25 ಜಿಬಿ. ಮೂರೂವರೆ ಗಂಟೆಯ ಒಂದು ಟಿ20 ಮ್ಯಾಚ್‌ಗೆ ಹತ್ತಿರ ಹತ್ತಿರ 8 ಜಿಬಿ. ಐದು ದಿನದ ಟೆಸ್ಟ್ ನೋಡುವವರು ದಯವಿಟ್ಟು ಕೂತುಕೊಂಡು ಈ ಲೆಕ್ಕ ಮಾಡಿ.

ಇನ್ನೊಂದು ತೊಂದರೆ, ತಡ. ಆ್ಯಪ್ ಚಿತ್ರವನ್ನು ಕೆಲವು ಸೆಕೆಂಡಿನ ತುಂಡು ತುಂಡಾಗಿ ಕತ್ತರಿಸಿ ಕಳಿಸುತ್ತದೆ. ಆಪಲ್ ತನ್ನ ಪದ್ಧತಿಯಲ್ಲಿ ಒಂದು ತುಂಡಿಗೆ 6 ಸೆಕೆಂಡು ಇರಲಿ ಎನ್ನುತ್ತದೆ. ಮಧ್ಯದಲ್ಲಿ ನಿಲ್ಲದಿರಲಿ ಎಂದು ನಿಮ್ಮ ಟಿವಿ ಮೂರು ತುಂಡು ಮೊದಲೇ ಕೂಡಿಟ್ಟುಕೊಳ್ಳುತ್ತದೆ. ಅಲ್ಲಿಗೇ 18 ಸೆಕೆಂಡು ಆಯಿತು. ಉಳಿದ ದಾರಿ ಸೇರಿದರೆ ಅರ್ಧ ನಿಮಿಷ ಹಿಂದೆ ಬೀಳುವುದು ಮಾಮೂಲು. ತಡ ಕಡಿಮೆ ಮಾಡುವ ಹೊಸ ಪದ್ಧತಿಗಳು ಬಂದಿವೆ, ಎಲ್ಲ ಆ್ಯಪ್‌ಗಳಲ್ಲೂ ಇಲ್ಲ. ಪೆನಾಲ್ಟಿ ಹೊಡೆಯುವವ ಇನ್ನೂ ಚೆಂಡು ಇಡುತ್ತಿದ್ದಾನೆ, ಅಷ್ಟರಲ್ಲಿ ಎದುರು ಮನೆಯಿಂದ "ಗೋ...ಲ್!" ಅಂತ ಕೂಗು. ಒಬ್ಬರೇ ಕೂತು, ಫೋನ್ ದೂರ ಇಟ್ಟು ನೋಡುವವರಿಗೆ ಇದು ಲೆಕ್ಕಕ್ಕಿಲ್ಲ. ಗೆಳೆಯರ ವಾಟ್ಸ್ಆ್ಯಪ್ ಗುಂಪಿನಲ್ಲಿ ಮಾತಾಡುತ್ತಾ ನೋಡುವವರಿಗೆ ಮಜಾ ಹಾಳು.

ಲಾಭ ಏನೆಂದರೆ, ಸೀಸನ್ ಮುಗಿದ ಕೂಡಲೇ ಬಿಟ್ಟುಬಿಡಬಹುದು. ಹೊಸ ಬಾಕ್ಸ್ ಬೇಡ, ಹಳೆಯ ಮ್ಯಾಚ್ ಮತ್ತೆ ನೋಡಬಹುದು. ಬಿಡಬೇಕು ಅಂದುಕೊಂಡವರು ಚಂದಾ ಹಾಕಿದ ದಿನವೇ ತಾನಾಗಿ ನವೀಕರಣ ಆಗುವ ಬಟನ್ ಆಫ್ ಮಾಡಿ. ಆಮೇಲೆ ಮಾಡಿದರಾಯ್ತು ಅಂದುಕೊಂಡವರ ದುಡ್ಡಿನಿಂದಲೇ ಈ ವ್ಯಾಪಾರ ನಡೆಯುವುದು.

ಫೋನ್‌ನಲ್ಲೇ ನೋಡುತ್ತೀರಾ? ಹಾಗಾದರೆ ಅತಿ ದುಬಾರಿ ಪ್ಲಾನ್ ಬೇಡ. 6 ಇಂಚಿನ ಫೋನನ್ನು ಒಂದಡಿ ದೂರ ಹಿಡಿದರೆ 720 ಸಾಕು. 1080ರಿಂದ ಸಿಗುವುದು ಎಳ್ಳಷ್ಟು ಲಾಭ, 4ಕೆಯಿಂದ ಬಿಸಿಯಾದ ಬ್ಯಾಟರಿ.

4ಕೆ

ಇದರ ಬಗ್ಗೆ ನನಗೆ ಸಂಶಯ ಜಾಸ್ತಿ, ಮೊದಲೇ ಹೇಳಿಬಿಡುತ್ತೇನೆ. ಹಿಂದಿನ ಅಳತೆಯನ್ನೇ ಹಿಡಿದರೆ, 55 ಇಂಚಿನ ಟಿವಿಯಲ್ಲಿ 7 ಅಡಿಗಿಂತ ಹತ್ತಿರ ಬಂದಾಗ ಮಾತ್ರ 1080ಕ್ಕೂ 4ಕೆಗೂ ವ್ಯತ್ಯಾಸ ಶುರುವಾಗುತ್ತದೆ. ಪೂರ್ತಿ ಲಾಭಕ್ಕೆ ಮೂರೂವರೆ ಅಡಿಗೆ ಬರಬೇಕು. ಅದರ ಮೇಲೆ, 4ಕೆ ಎಂದು ಬರುವುದೆಲ್ಲ 4ಕೆಯಲ್ಲೇ ಹಿಡಿದದ್ದಲ್ಲ. 2020ರ ಸೂಪರ್ ಬೌಲ್ ಅನ್ನು, ಅಂದರೆ ಅಮೆರಿಕನ್ ಫುಟ್‌ಬಾಲ್‌ನ ಫೈನಲ್ ಅನ್ನು, ಅಮೆರಿಕದ ಫಾಕ್ಸ್ ವಾಹಿನಿ 4ಕೆಯಲ್ಲಿ ತೋರಿಸಿತು. ಚಿತ್ರ ತಯಾರಾಗಿದ್ದು 1080ರಲ್ಲಿ, ಆಮೇಲೆ 4ಕೆಗೆ ಹಿಗ್ಗಿಸಿದ್ದು. ಆದರೂ ನೋಡಿದವರಿಗೆ ಚಿತ್ರ ಚಂದ ಕಂಡಿದ್ದರೆ ಅದಕ್ಕೆ ಕಾರಣ ಬೇರೆ ಇದೆ. ಅದು ಎಚ್‌ಡಿಆರ್.

ಎಚ್‌ಡಿಆರ್ ಅಂದರೆ ಬೆಳಕು ಕತ್ತಲೆಗಳ ನಡುವಿನ ಅಂತರವನ್ನು ಹೆಚ್ಚು ತೋರಿಸುವ ಪದ್ಧತಿ. ಸಂಜೆ ಮ್ಯಾಚ್‌ನಲ್ಲಿ ಮೈದಾನದ ಅರ್ಧ ಬಿಸಿಲು, ಅರ್ಧ ಗ್ಯಾಲರಿಯ ನೆರಳು ಇರುತ್ತಲ್ಲ, ಮಾಮೂಲಿ ಚಿತ್ರದಲ್ಲಿ ಬಿಸಿಲಿನ ಭಾಗ ಬೆಳ್ಳಗೆ ಸುಟ್ಟಂತಿರುತ್ತದೆ, ಇಲ್ಲವೇ ನೆರಳಿನೊಳಗೆ ಹೋದ ಚೆಂಡು ಕಳೆದೇ ಹೋಗುತ್ತದೆ. ಎಚ್‌ಡಿಆರ್‌ನಲ್ಲಿ ಎರಡೂ ಕಾಣುತ್ತವೆ. ಇದು ಹತ್ತು ಅಡಿ ದೂರದಿಂದಲೂ ಗೊತ್ತಾಗುತ್ತದೆ, ಯಾಕೆಂದರೆ ಇದಕ್ಕೂ ಚುಕ್ಕೆಗೂ ಸಂಬಂಧವಿಲ್ಲ. ಆದರೆ ಟಿವಿಯೂ ಸಾಕಷ್ಟು ಬೆಳಗುವಂಥದ್ದಾಗಿರಬೇಕು. ಅಗ್ಗದ ಟಿವಿಯ ಡಬ್ಬದ ಮೇಲೆ ಎಚ್‌ಡಿಆರ್ ಎಂದು ಬರೆದ ಮಾತ್ರಕ್ಕೆ ಏನೂ ಆಗುವುದಿಲ್ಲ. ಹಾಗಾಗಿ 4ಕೆ ಪ್ಲಾನ್ ಕೊಳ್ಳುವವರು ಕೇಳಬೇಕಾದ್ದು ಎರಡು ಮಾತು: ನಾನು ನೋಡುವ ಟೂರ್ನಿ ಇದರಲ್ಲಿ ಬರುತ್ತಾ, ಎಚ್‌ಡಿಆರ್ ಇದೆಯಾ? ಇಂಟರ್ನೆಟ್ ಮೂಲಕವಾದರೆ 15ರಿಂದ 25 ಎಂಬಿಪಿಎಸ್ ಬೇಕು, ಗಂಟೆಗೆ 9 ಜಿಬಿಯಷ್ಟು ಡೇಟಾ ಹೋಗಬಹುದು.

ಆ್ಯಂಟೆನಾ

ಹಲವು ದೇಶಗಳಲ್ಲಿ ದೊಡ್ಡ ಟೂರ್ನಿಗಳ ಕೆಲವು ಮ್ಯಾಚ್‌ಗಳು ಉಚಿತ ಚಾನೆಲ್‌ಗಳಲ್ಲಿ, ಆ್ಯಂಟೆನಾ ಮೂಲಕ, ಎಚ್‌ಡಿಯಲ್ಲೇ ಬರುತ್ತವೆ. ನೀವಿರುವ ಕಡೆ ಹಾಗೆ ಬರುತ್ತಿದ್ದು, ವರ್ಷಕ್ಕೆ ಎರಡು ಫೈನಲ್ ಮಾತ್ರ ನೋಡುವವರು ನೀವಾಗಿದ್ದರೆ ಮುಂದಿನದನ್ನು ಓದುವುದೇ ಬೇಡ.

ನನ್ನ ಸಲಹೆ ಕೇಳಿದರೆ

43 ಇಂಚು ಅಥವಾ ದೊಡ್ಡ ಟಿವಿ, ವಾರವಾರ ಮ್ಯಾಚ್, ಮನೆ ತುಂಬ ಜನ: ಬಾಕ್ಸ್‌ಗೆ ಬಿಡಿ ಎಚ್‌ಡಿ ಕ್ರೀಡಾ ಚಾನೆಲ್. ಒಂದೇ ಲೀಗ್ ನೋಡುವವರು, ಇಂಟರ್ನೆಟ್ ಗಟ್ಟಿ ಇರುವವರು: ಆ ತಿಂಗಳುಗಳಿಗೆ ಮಾತ್ರ ಆ್ಯಪ್. ಟಿವಿಯೇ ಹಳೆಯದು, ಕೈಯಲ್ಲಿರುವ ದುಡ್ಡು ಒಂದಕ್ಕೇ ಸಾಕಾಗುವುದು ಎಂದರೆ ಈ ವರ್ಷ ಶುಲ್ಕ ಕಟ್ಟಬೇಡಿ, ಟಿವಿಗೆ ಕೂಡಿಡಿ. ಈಗಾಗಲೇ ಎಚ್‌ಡಿ ಇದೆ, 4ಕೆಗೆ ಹೋಗಲಾ ಎನ್ನುವವರು ಮೊದಲು ಟಿವಿಯಲ್ಲಿ ಚಿತ್ರವನ್ನು ನಯ ಮಾಡುವ ಸೆಟ್ಟಿಂಗ್‌ಗಳನ್ನು ಆಫ್ ಮಾಡಿ ನೋಡಿ. ಚೆಂಡಿನ ಹಿಂದೆ ಬಾಲ ಬರುವುದು ಎಷ್ಟೋ ಸಲ ಅದರಿಂದಲೇ.

ಇಷ್ಟಾದರೂ ಮನಸ್ಸು ಒಪ್ಪದಿದ್ದರೆ ಒಂದೇ ತಿಂಗಳಿಗೆ ಹಾಕಿಸಿ, ಒಂದು ಆಟ ಆಡಿ. ಎಸ್‌ಡಿ, ಎಚ್‌ಡಿ ಎರಡೂ ಚಾನೆಲ್‌ನಲ್ಲಿ ಒಂದೇ ಮ್ಯಾಚ್ ಬರುತ್ತಿರುವಾಗ ರಿಮೋಟ್ ಬೇರೆಯವರ ಕೈಗೆ ಕೊಡಿ. ಚಾನೆಲ್ ಹೆಸರು ಪರದೆಯಿಂದ ಹೋಗುವವರೆಗೆ ಕಣ್ಣು ಮುಚ್ಚಿ, ಆಮೇಲೆ ತೆರೆದು ಯಾವುದು ಅಂತ ಹೇಳಿ. ಹತ್ತು ಸಲ. ಮೂಲೆಯಲ್ಲಿರುವ ಚಾನೆಲ್ ಗುರುತಿಗೆ ಒಂದು ಚೀಟಿ ಅಂಟಿಸಿ, ಇಲ್ಲದಿದ್ದರೆ ಮೋಸ.

ನಮ್ಮ ಮನೆಯಲ್ಲಿ ಅಕ್ಕನ ಮಗ ಹತ್ತಕ್ಕೆ ಹತ್ತು ಹೇಳಿದ. ನಾನು ಆರು ಹೇಳಿದೆ, ಅಂದರೆ ಸುಮ್ನೆ ಊಹೆ ಮಾಡಿದರೂ ಐದು ಬರುತ್ತಿತ್ತು. "ಮಾಮ, ಕನ್ನಡಕ ಹಾಕ್ಕೋ" ಅಂದ. ಹಾಕಿಕೊಂಡ ಮೇಲೆ ಒಂಬತ್ತು. ಅಪ್ಪ ನಾಲ್ಕಕ್ಕೇ ಸಾಕು ಮಾಡಿ, "ಈಗ ಸ್ಕೋರ್ ಎಷ್ಟು, ಅದನ್ನ ಹೇಳ್ರೋ" ಎಂದು ಗದರಿದರು. ಅವರ ಕೋಣೆಯ ಟಿವಿಗೆ ಎಚ್‌ಡಿ ಹಾಕಿಸಲಿಲ್ಲ. ಹಾಲ್‌ನ ಟಿವಿಗಿದೆ, ಕನ್ನಡಕ ಅದರ ಪಕ್ಕದಲ್ಲೇ ಇರುತ್ತದೆ.